ಫಿಸ್ಟುಲಾ ಸೂಜಿ ಸರಿಯಾಗಿ ಕೂರದಿದ್ದಾಗ: ಮನೆ ಡಯಾಲಿಸಿಸ್ ಮಾಡುವವರಿಗೆ ದೋಷ ನಿವಾರಣೆ ಕೈಪಿಡಿ

ಮನೆಯಲ್ಲಿ ಹೀಮೋಡಯಾಲಿಸಿಸ್ (ಯಂತ್ರದಲ್ಲಿ ಹಾಯಿಸಿ ರಕ್ತವನ್ನು ಶುದ್ಧಗೊಳಿಸುವುದು) ಮಾಡಿಕೊಳ್ಳುವವರಿಗೆ ಯಂತ್ರ ಅಷ್ಟು ಕಷ್ಟದ ವಿಷಯವಲ್ಲ. ಅದು ತನ್ನ ತೊಂದರೆಯನ್ನು ಪರದೆಯ ಮೇಲೆ ತಾನೇ ಬರೆದು ತೋರಿಸುತ್ತದೆ. ಸೂಜಿಗೆ ಆ ಸೌಜನ್ಯವಿಲ್ಲ. ಪರದೆ ‘ವೀನಸ್ ಪ್ರೆಶರ್ ಹೆಚ್ಚಿದೆ’, ಅಂದರೆ ರಕ್ತ ಹಿಂದಿರುಗುವ ಕಡೆ ಒತ್ತಡ ಹೆಚ್ಚಿದೆ, ಎಂದಷ್ಟೇ ಹೇಳುತ್ತದೆ. ಮಡಚಿಕೊಂಡ ಕೊಳವೆಯೋ, ನಾಳದ ಗೋಡೆಗೆ ತಾಗಿ ನಿಂತ ಸೂಜಿಯ ತುದಿಯೋ, ಚರ್ಮದಡಿ ಸೋರುತ್ತಿರುವ ರಕ್ತವೋ, ತಿಂಗಳುಗಳಿಂದ ಕಿರಿದಾಗುತ್ತಾ ಬಂದ ನಾಳವೋ ಎಂಬುದನ್ನು ನಾವೇ ಕಂಡುಹಿಡಿಯಬೇಕು. ಈ ನಾಲ್ಕಕ್ಕೂ ಮಾಡಬೇಕಾದದ್ದು ಬೇರೆ ಬೇರೆ. ಗೋಡೆಗೆ ತಾಗಿದ ತುದಿಗೆ ಸೂಜಿಯನ್ನು ಕೂದಲೆಳೆಯಷ್ಟು ಹಿಂದೆಗೆಯುವುದು ಪರಿಹಾರವಾದರೆ, ಸೋರುತ್ತಿರುವ ಕಡೆ ಅದೇ ಕೆಲಸ ಗಾಯವನ್ನು ಹಿಗ್ಗಿಸುತ್ತದೆ.

ನಾನಿರುವುದು ಮೆಲ್ಬರ್ನ್‌ನಲ್ಲಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಮನೆ ಡಯಾಲಿಸಿಸ್ ಹಳೆಯ ರೂಢಿ; ತರಬೇತಿ ಘಟಕದಲ್ಲಿ ಕಲಿತು ತಮ್ಮ ತೋಳಿಗೆ ತಾವೇ ಸೂಜಿ ಹಾಕಿಕೊಳ್ಳುವವರು ಇಲ್ಲಿ ಅಪರೂಪವಲ್ಲ. ಬೆಂಗಳೂರಿನಂತಹ ಊರುಗಳಲ್ಲಿ ಮನೆ ಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ಟೆಕ್ನಿಷಿಯನ್ ಮನೆಗೆ ಬಂದು ಸೂಜಿ ಹಾಕುವುದು. ಹಾಕುವ ಕೈ ಯಾರದೇ ಆಗಿರಲಿ, ತೋಳು ನಿಮ್ಮದು. ಏನು ತಪ್ಪಿದೆ ಎಂದು ಗುರುತಿಸಲು ನೀವೂ ಕಲಿತಿರಬೇಕು. ಈ ಬರಹ ತರಬೇತಿ ಮುಗಿಸಿದವರಿಗೆ, ಇಲ್ಲವೇ ತರಬೇತಾದವರು ಪಕ್ಕದಲ್ಲಿರುವವರಿಗೆ. ಇಲ್ಲಿರುವ ಅಂಕಿಗಳು ವಯಸ್ಕರಿಗೆ ಸಾಮಾನ್ಯವಾಗಿ ಬಳಸುವಂಥವು. ನಿಮ್ಮ ಘಟಕ ಬೇರೆ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ.

ಸೂಜಿಯ ದೋಷ ಹುಡುಕುವಾಗ ನಾನು ಮೊದಲು ಕೇಳಿಕೊಳ್ಳುವುದು ‘ಏನಾಯಿತು’ ಎಂದಲ್ಲ, ‘ಯಾವಾಗಿನಿಂದ’ ಎಂದು. ಸೂಜಿ ಹಾಕುವ ಮೊದಲೇ ಇತ್ತೇ, ಹಾಕುವಾಗ ಬಂತೇ, ಪಂಪ್ ತಿರುಗಿದ ಕೂಡಲೇ ಬಂತೇ, ಎರಡು ಗಂಟೆ ಸರಿಯಾಗಿ ನಡೆದು ಆಮೇಲೆ ಬಂತೇ, ಅಥವಾ ಕೆಲವು ವಾರಗಳಿಂದ ಮೆಲ್ಲಗೆ ಬೆಳೆಯುತ್ತಿದೆಯೇ? ಇದಕ್ಕೆ ಉತ್ತರ ಸಿಕ್ಕರೆ ಅನುಮಾನದ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ.

ಸೂಜಿಯ ಪೊಟ್ಟಣ ಒಡೆಯುವ ಮೊದಲು

ಫಿಸ್ಟುಲಾ ಎಂದರೆ ಅಪಧಮನಿಯನ್ನು ಚರ್ಮದಡಿಯ ಅಭಿಧಮನಿಗೆ ಹೊಲಿದು ಜೋಡಿಸಿರುವುದು. 1966ರಲ್ಲಿ ನ್ಯೂಯಾರ್ಕಿನ ಬ್ರೆಶಿಯಾ, ಚಿಮಿನೋ ಮತ್ತು ಸಂಗಡಿಗರು ಇದನ್ನು ವರದಿ ಮಾಡಿದ ಮೇಲೆ ಡಯಾಲಿಸಿಸ್‌ನ ಚಹರೆಯೇ ಬದಲಾಯಿತು. ಅಪಧಮನಿಯ ರಭಸಕ್ಕೆ ಅಭಿಧಮನಿ ಹಿಗ್ಗಿ, ಗೋಡೆ ದಪ್ಪವಾಗಿ, ದಪ್ಪ ಸೂಜಿಯನ್ನು ಪದೇ ಪದೇ ತಾಳಿಕೊಳ್ಳುತ್ತದೆ. ಎರಡೂ ಸೂಜಿಗಳು ಹೋಗುವುದು ಇದೇ ಹಿಗ್ಗಿದ ಅಭಿಧಮನಿಗೆ. ಕೆಂಪು ಕೊಳವೆಯ ಆರ್ಟೀರಿಯಲ್ ಸೂಜಿ ರಕ್ತವನ್ನು ಯಂತ್ರಕ್ಕೆ ಎಳೆದುಕೊಳ್ಳುತ್ತದೆ, ನೀಲಿ ಕೊಳವೆಯ ವೀನಸ್ ಸೂಜಿ ಹಿಂದಿರುಗಿಸುತ್ತದೆ. ಹೆಸರಿನಲ್ಲಿ ‘ಆರ್ಟೀರಿಯಲ್’ ಇದೆಯೆಂದು ಅಪಧಮನಿಯನ್ನು ಹುಡುಕಲು ಹೊರಡಬಾರದು.

ತೋಳನ್ನು ಸೋಪಿನಿಂದ ತೊಳೆದು ಒರೆಸಿದ ಮೇಲೆ ಮೂರು ಬೆರಳುಗಳನ್ನು ಜೋಡಣೆಯ ಗಾಯದ ಮೇಲಿಟ್ಟು ನೋಡಿ. ನಿದ್ದೆಗಿಳಿದ ಬೆಕ್ಕಿನ ಗುರುಗುರುವಿನಂತೆ ಬಿಡದೆ ಹರಿಯುವ ಮೃದುವಾದ ಕಂಪನ ಸಿಗಬೇಕು. ಅದೇ ಥ್ರಿಲ್. ಕಂಪನ ಹೋಗಿ ಟಕ್ ಟಕ್ ಎಂದು ಬಡಿಯುವ ಗಟ್ಟಿ ನಾಡಿ ಮಾತ್ರ ಉಳಿದಿದ್ದರೆ ಮುಂದೆ ಎಲ್ಲೋ ದಾರಿ ಕಿರಿದಾಗಿದೆ ಎಂಬ ಅನುಮಾನ ಬರಬೇಕು. ಸ್ಟೆತಾಸ್ಕೋಪ್ ಇಟ್ಟರೆ ತಗ್ಗು ದನಿಯ, ಎಡೆಬಿಡದ ಸದ್ದು ಕೇಳಬೇಕು. ಸೀಟಿಯಂತೆ ಏರಿದ್ದರೆ ಅದೂ ಅದೇ ಕಥೆಯನ್ನು ಹೇಳುತ್ತಿದೆ.

ಇನ್ನೂ ಎರಡು ಪರೀಕ್ಷೆಗಳಿವೆ. ಇವಕ್ಕೆ ಉಪಕರಣ ಬೇಡ. ತೋಳನ್ನು ತಲೆಗಿಂತ ಮೇಲಕ್ಕೆತ್ತಿ: ಉಬ್ಬಿದ ನಾಳ ಕುಗ್ಗಬೇಕು. ಎತ್ತಿದರೂ ಬಿಗಿಯಾಗಿಯೇ ನಿಂತಿದ್ದರೆ ರಕ್ತ ಹೃದಯದ ಕಡೆಗೆ ಹೋಗುವ ದಾರಿಯಲ್ಲಿ ಅಡ್ಡಿಯಿದೆ. ಬಳಿಕ ತೋಳನ್ನು ಇಳಿಸಿ, ಜೋಡಣೆಯಿಂದ ದೂರದಲ್ಲಿ ನಾಳವನ್ನು ಕ್ಷಣಕಾಲ ಬೆರಳಿನಿಂದ ಅದುಮಿ: ಜೋಡಣೆಯ ಬಳಿ ನಾಡಿಯ ಬಡಿತ ಜೋರಾಗಬೇಕು. ಆಗದಿದ್ದರೆ ಒಳಬರುವ ಹರಿವೇ ಕಡಿಮೆ. ಮುಂದೆ ಯಂತ್ರ ತೋರಿಸಬಹುದಾದ ಎರಡು ಅಲಾರಂಗಳ ಸುಳಿವು ಇಲ್ಲೇ ಇದೆ. ಹೊರಹೋಗುವ ದಾರಿ ಕಿರಿದಾದರೆ ವೀನಸ್ ಒತ್ತಡ ಏರುತ್ತದೆ, ಒಳಬರುವ ದಾರಿ ಕಿರಿದಾದರೆ ಆರ್ಟೀರಿಯಲ್ ಒತ್ತಡ ಕುಸಿಯುತ್ತದೆ.

ಥ್ರಿಲ್ ಇಲ್ಲವೇ ಇಲ್ಲ ಎಂದಾದರೆ ಸೂಜಿ ಹಾಕಬೇಡಿ. ಬೆಚ್ಚಗೆ ಮಾಡಿ, ಕಾಫಿ ಕುಡಿದು, ಸಂಜೆ ನೋಡೋಣ ಎಂದು ಮುಂದೂಡುವ ವಿಷಯವಲ್ಲ ಇದು. ಹೆಪ್ಪುಗಟ್ಟಿದ ಫಿಸ್ಟುಲಾವನ್ನು ಬಿಡಿಸುವ ಅವಕಾಶ ಗಂಟೆಗಳು ಕಳೆದಂತೆ ಕಡಿಮೆಯಾಗುತ್ತದೆ. ಕೂಡಲೇ ಘಟಕಕ್ಕೆ ಕರೆ ಮಾಡಿ. ಸೂಜಿಯ ಜಾಗ ಕೆಂಪಾಗಿ ಬಿಸಿಯಾಗಿದ್ದರೆ, ಕೀವು ಕಂಡರೆ, ಜ್ವರ ಅಥವಾ ಚಳಿ ನಡುಕ ಇದ್ದರೆ ಅಂದೂ ಅಷ್ಟೇ: ಮೊದಲು ಫೋನ್.

ಥ್ರಿಲ್ ಇದೆ, ಆದರೆ ನಾಳ ಎಂದಿನಂತೆ ಉಬ್ಬಿಲ್ಲ. ಇದು ಬಹುಪಾಲು ಸಾಧಾರಣ ಕಾರಣಗಳಿಂದ ಆಗುತ್ತದೆ. ರಕ್ತದೊತ್ತಡ ನೋಡಿ (ಫಿಸ್ಟುಲಾ ಇಲ್ಲದ ತೋಳಿನಲ್ಲಿ). ಹಿಂದಿನ ಬಾರಿ ನೀರು ಹೆಚ್ಚು ತೆಗೆದಿದ್ದರೆ, ವಾಂತಿ ಭೇದಿ ಆಗಿದ್ದರೆ ನಾಳ ಸೊರಗಿರುತ್ತದೆ. ಇಲ್ಲಿನ ಜುಲೈ ಚಳಿಯಲ್ಲಿ ನಾಳ ಮುದುಡುವುದು ಮಾಮೂಲು; ಬೆಚ್ಚಗಿನ ಟವೆಲ್ ಸುತ್ತಿ ಸ್ವಲ್ಪ ಹೊತ್ತು ಕುಳಿತರೆ ಸಾಕು. ನೋವು ಮರೆಸುವ ಮುಲಾಮು ಕೂಡ ಕೆಲವರ ನಾಳವನ್ನು ತಾತ್ಕಾಲಿಕವಾಗಿ ಮುದುಡಿಸುತ್ತದೆ.

ಚುಚ್ಚಿದ್ದಾಯಿತು, ರಕ್ತ ಕಾಣಲಿಲ್ಲ

ಟೂರ್ನಿಕೆ (ತೋಳಿಗೆ ಬಿಗಿಯುವ ಪಟ್ಟಿ) ಕಟ್ಟದೆ ಫಿಸ್ಟುಲಾಕ್ಕೆ ಸೂಜಿ ಹಾಕುವುದು ಬೇಡ, ನಾಳ ಎಷ್ಟೇ ದಪ್ಪಗಿದ್ದರೂ. ಅದು ನಾಳವನ್ನು ಹಿಗ್ಗಿಸುವುದಲ್ಲದೆ ಅತ್ತಿತ್ತ ಉರುಳದಂತೆ ಹಿಡಿದಿಡುತ್ತದೆ. ಸೂಜಿಯ ಓರೆ ಬಾಯಿ ಮೇಲ್ಮುಖವಾಗಿರಲಿ. ಕೋನ ಸುಮಾರು 25 ಡಿಗ್ರಿ, ನಾಳ ಆಳದಲ್ಲಿದ್ದರೆ ಸ್ವಲ್ಪ ಹೆಚ್ಚು. ನಾಳಕ್ಕೆ ಹೊಕ್ಕ ಕ್ಷಣ ಕೊಳವೆಯಲ್ಲಿ ರಕ್ತ ಮಿನುಗುತ್ತದೆ. ಆಗ ಕೋನವನ್ನು ತಗ್ಗಿಸಿ ನಾಳದ ಉದ್ದಕ್ಕೆ ಮೆಲ್ಲಗೆ ಒಳಸರಿಸಬೇಕು. ನನ್ನ ಅನುಭವದಲ್ಲಿ ಹೊಸಬರ ತೊಂದರೆಗಳಲ್ಲಿ ಹೆಚ್ಚಿನವು ಚುಚ್ಚುವಲ್ಲಿ ಇಲ್ಲ, ಈ ಕೋನ ತಗ್ಗಿಸುವ ಅರೆಕ್ಷಣದಲ್ಲಿವೆ.

ರಕ್ತ ಮಿನುಗಲೇ ಇಲ್ಲವಾದರೆ ತುದಿ ನಾಳವನ್ನು ಮುಟ್ಟಿಲ್ಲ ಅಥವಾ ಪಕ್ಕದಲ್ಲಿ ಹಾದಿದೆ. ಒಳಗೇ ಅತ್ತಿತ್ತ ತಡಕಾಡಬೇಡಿ. ಸೂಜಿಯ ತುದಿ ಎಂದರೆ ಅಲಗು. ಒಳಗೆ ತಿರುಗಿಸಿದಷ್ಟೂ ಕೊಯ್ಯುತ್ತದೆ. ಚರ್ಮದ ಅಂಚಿನವರೆಗೆ ಹಿಂದಕ್ಕೆ ತನ್ನಿ, ಇನ್ನೊಂದು ಕೈಯ ಬೆರಳಿನಿಂದ ನಾಳ ಎಲ್ಲಿದೆಯೆಂದು ಮತ್ತೆ ಮುಟ್ಟಿ ನೋಡಿ, ದಿಕ್ಕು ಸರಿಪಡಿಸಿ ಒಂದೇ ಒಂದು ಸಲ ಮುಂದೂಡಿ. ಸಿಗಲಿಲ್ಲವೇ, ತೆಗೆದುಬಿಡಿ.

ಮೊದಲು ರಕ್ತ ಮಿನುಗಿ ಆಮೇಲೆ ನಿಂತುಹೋದರೆ ಅರ್ಥ ಬೇರೆ: ತುದಿ ನಾಳದ ಹಿಂಗೋಡೆಯನ್ನು ಮುಟ್ಟಿದೆ ಅಥವಾ ದಾಟಿದೆ. ಮುಟ್ಟಿದ್ದರೆ ನೋವು ಅಷ್ಟಾಗಿ ಇರುವುದಿಲ್ಲ. ಒಂದೆರಡು ಮಿಲಿಮೀಟರ್ ಹಿಂದೆಗೆದಾಗ ರಕ್ತ ಮರಳುತ್ತದೆ. ದಾಟಿದ್ದರೆ ಚುರುಗುಟ್ಟುವ ನೋವು, ಕಣ್ಣೆದುರೇ ಏಳುವ ಉಬ್ಬು. ತಮ್ಮ ತೋಳಿಗೆ ತಾವೇ ಚುಚ್ಚಿಕೊಳ್ಳುವವರಿಗೆ ಇಲ್ಲೊಂದು ಲಾಭವಿದೆ, ಚುಚ್ಚುವ ಬೆರಳಿಗೂ ಚುಚ್ಚಿಸಿಕೊಳ್ಳುವ ತೋಳಿಗೂ ಒಟ್ಟಿಗೇ ಸುದ್ದಿ ಮುಟ್ಟುತ್ತದೆ. ಎಂಥ ನುರಿತ ನರ್ಸ್‌ಗೂ ಆ ಎರಡನೆಯ ಸುದ್ದಿ ನಿಮ್ಮ ಬಾಯಿಂದಲೇ ಹೋಗಬೇಕು. ಟೆಕ್ನಿಷಿಯನ್ ಹಾಕುತ್ತಿದ್ದರೆ ಹಲ್ಲು ಕಚ್ಚಿ ಸುಮ್ಮನಿರಬೇಡಿ.

ಸೂಜಿ ಕೂತಿದೆಯೇ ಎಂಬುದನ್ನು ಪಂಪ್‌ಗೆ ಜೋಡಿಸುವ ಮೊದಲೇ ಸಿರಿಂಜಿನಿಂದ ಖಚಿತಪಡಿಸಿಕೊಳ್ಳಬಹುದು. ಗಾಳಿ ತೆಗೆದ, ಸಲೈನ್ ಇರುವ 10 ಮಿ.ಲೀ. ಸಿರಿಂಜನ್ನು ಜೋಡಿಸಿ ಮೊದಲು ಎಳೆಯಿರಿ: ರಕ್ತ ಸಲೀಸಾಗಿ ಬರಬೇಕು. ಆಮೇಲೆ ತಳ್ಳಿ: ತಡೆ, ನೋವು, ಊತ ಇರಬಾರದು. ಎಳೆದಾಗ ಹೆಪ್ಪಿನ ಚೂರು ಬಂದರೆ ತಳ್ಳುವ ಮಾತೇ ಇಲ್ಲ.

ಎರಡು ಬಾರಿ ಪ್ರಯತ್ನಿಸಿ ಆಗದಿದ್ದರೆ ನಿಲ್ಲಿಸಿ ಘಟಕಕ್ಕೆ ಕರೆ ಮಾಡಬೇಕು ಎಂಬುದು ನಾನು ಪಾಲಿಸುವ ನಿಯಮ. ಮೂರನೆಯದು ಹಟದ ಚುಚ್ಚು. ಅದಕ್ಕೆ ಬೆಲೆ ತೆರುವುದು ನಾಳ. ಪೊಟ್ಯಾಸಿಯಂ ಅಥವಾ ನೀರಿನ ಭಾರದಿಂದಾಗಿ ಒಂದು ದಿನ ಮುಂದೂಡಬಹುದೇ ಇಲ್ಲವೇ ಎಂಬುದನ್ನು ವೈದ್ಯರೇ ಹೇಳಬೇಕು. ಆದ್ದರಿಂದಲೂ ಆ ಕರೆ ಬೇಕು.

ಪಂಪ್ ತಿರುಗಿದ ಮೇಲೆ

ಆರ್ಟೀರಿಯಲ್ ಒತ್ತಡ ಋಣ ಸಂಖ್ಯೆ, ಏಕೆಂದರೆ ಅದು ಎಳೆತ. ಮೈನಸ್ 250 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿಯಲು ಬಿಡಬಾರದು. ವೀನಸ್ ಒತ್ತಡ ಧನ ಸಂಖ್ಯೆ, 250ರ ಮೇಲೆ ಹೋಗಬಾರದು. ಆದರೆ ಈ ಗೆರೆಗಳಿಗಿಂತ ನಿಮ್ಮ ಎಂದಿನ ಸಂಖ್ಯೆ ಮುಖ್ಯ. ಅದೇ ಸೂಜಿ, ಅದೇ ಪಂಪ್ ವೇಗದಲ್ಲಿ ದಿನವೂ 140 ಇರುತ್ತಿದ್ದ ವೀನಸ್ ಒತ್ತಡ ಇಂದು 190 ಆದರೆ ಯಂತ್ರ ಕೂಗುವುದಿಲ್ಲ, ನೀವು ಎಚ್ಚೆತ್ತುಕೊಳ್ಳಬೇಕು. ಸೂಜಿಯ ಗಾತ್ರ ಬದಲಾದರೆ ಹೋಲಿಕೆಗೆ ಅರ್ಥವಿಲ್ಲ. ಸೂಜಿಯ ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣದು: 17 ಗೇಜ್ ಸೂಜಿಯಲ್ಲಿ ನಿಮಿಷಕ್ಕೆ 350 ಮಿ.ಲೀ. ಎಳೆಯಲು ಹೋದರೆ ಅಲಾರಂ ಬರುವುದು ಸೂಜಿ ಕೆಟ್ಟು ಕೂತದ್ದಕ್ಕಲ್ಲ, ಸೂಜಿ ಸಾಲದ್ದಕ್ಕೆ.

ಆರ್ಟೀರಿಯಲ್ ಎಳೆತ ಹೆಚ್ಚಿದಾಗ ಮೊದಲು ಪಂಪ್ ವೇಗ ಇಳಿಸಿ. ಕ್ಲಾಂಪ್ ಅರೆ ಮುಚ್ಚಿದೆಯೇ, ಕೊಳವೆ ಮೊಣಕೈ ಅಡಿ ಸಿಕ್ಕಿದೆಯೇ ಎಂದು ಸೂಜಿಯಿಂದ ಯಂತ್ರದವರೆಗೆ ಕೈಯಾಡಿಸಿ. ಆಮೇಲೆ ರಕ್ತದೊತ್ತಡ. ಎರಡು ಗಂಟೆ ಸರಿಯಾಗಿ ನಡೆದು ನಂತರ ಎಳೆತ ಹೆಚ್ಚಿದ್ದರೆ ನೀರು ತೆಗೆದು ಒತ್ತಡ ಇಳಿದಿರುವುದೇ ಮೊದಲ ಅನುಮಾನ. ಅದೆಲ್ಲ ಸರಿಯಿದ್ದರೆ ತುದಿ ಗೋಡೆಗೆ ಅಂಟಿಕೊಂಡಿರಬಹುದು: ಸೂಜಿಯ ರೆಕ್ಕೆಯಡಿ ಮಡಚಿದ ಗಾಜ್ ಬಟ್ಟೆಯ ಚೂರನ್ನಿಟ್ಟು ಬುಡ ತುಸು ಎತ್ತಿ ನೋಡಿ, ಅಥವಾ ಇರುವ ಗಾಜ್ ತೆಗೆದು ತಗ್ಗಿಸಿ ನೋಡಿ. ಸೂಜಿಯನ್ನು ಅರ್ಧ ಸುತ್ತು ತಿರುಗಿಸುವ ಹಳೆಯ ಅಭ್ಯಾಸ ಕೆಲವೆಡೆ ಇನ್ನೂ ಇದೆ. ಆರ್ಟೀರಿಯಲ್ ಸೂಜಿಗೆ ಬೆನ್ನ ಮೇಲೂ ಒಂದು ಕಣ್ಣು ಇರುವಂತೆ ಮಾಡಿರುವುದೇ ಹಾಗೆ ತಿರುಗಿಸುವ ಅಗತ್ಯ ಬಾರದಿರಲಿ ಎಂದು; ತಿರುಗಿಸಿದರೆ ನಾಳದ ಒಳಗೋಡೆ ಹರಿಯಬಹುದು, ಚುಚ್ಚಿದ ರಂಧ್ರ ಅಗಲವಾಗಿ ಸುತ್ತ ರಕ್ತ ಜಿನುಗಬಹುದು.

ವೀನಸ್ ಒತ್ತಡ ಏರಿದಾಗ ಹುಡುಕುವ ಕ್ರಮ ಸ್ವಲ್ಪ ಬೇರೆ. ಪಂಪ್ ಶುರುವಾದ ಕೂಡಲೇ ಏರಿದ್ದರೆ ಮೊದಲು ಟೂರ್ನಿಕೆ ಬಿಚ್ಚಿದ್ದೀರಾ ನೋಡಿ. ನಗಬೇಡಿ, ತೋಳಂಗಿಯ ಮಡಿಕೆಯಡಿ ಅದು ಚೆನ್ನಾಗಿ ಅಡಗುತ್ತದೆ. ಗಂಟೆಗಳ ಬಳಿಕ ಮೆಲ್ಲಗೆ ಏರುತ್ತಿದ್ದರೆ ವೀನಸ್ ಚೇಂಬರ್‌ನ ಜಾಲರಿಯಲ್ಲಿ ಹೆಪ್ಪು ಕಟ್ಟುತ್ತಿದೆಯೇ, ಹೆಪ್ಪುಗಟ್ಟದಂತೆ ತಡೆಯುವ ಔಷಧ ಹೆಪಾರಿನ್ ಸರಿಯಾಗಿ ಹೋಗುತ್ತಿದೆಯೇ ನೋಡಿ. ತೋಳು ಅಲುಗಿಸಿದ ಕೂಡಲೇ ಏರಿದರೆ ತುದಿಯ ಸ್ಥಾನ ಬದಲಾಗಿದೆ. ಏರಿಕೆಯ ಜೊತೆಗೆ ನೋವಿದ್ದರೆ ಮಾತ್ರ ಯಾವ ಕ್ರಮವೂ ಬೇಡ. ಮೊದಲು ಪಂಪ್ ನಿಲ್ಲಿಸಿ.

ಊದಿಕೊಂಡರೆ

ಪಂಪ್ ನಿಮಿಷಕ್ಕೆ 300 ಮಿ.ಲೀ. ತಳ್ಳುತ್ತಿದ್ದರೆ ಸೆಕೆಂಡಿಗೆ 5 ಮಿ.ಲೀ. ಆಯಿತು. ವೀನಸ್ ಸೂಜಿಯ ತುದಿ ನಾಳದ ಹೊರಗಿದ್ದರೆ, ಏನಾಯಿತೆಂದು ಯೋಚಿಸುವ ಅರ್ಧ ನಿಮಿಷದಲ್ಲಿ 150 ಮಿ.ಲೀ. ರಕ್ತ ಚರ್ಮದಡಿ ತುಂಬಬಹುದು. ಆದ್ದರಿಂದಲೇ ಮೊದಲ ಕೆಲವು ನಿಮಿಷ ಪಂಪ್ ನಿಧಾನವಾಗಿ ತಿರುಗಲಿ, ಕಣ್ಣು ಪರದೆಯ ಮೇಲಲ್ಲ, ತೋಳಿನ ಮೇಲಿರಲಿ.

ಹೆಪಾರಿನ್ ಕೊಡುವ ಮೊದಲೇ ಊದಿದ್ದರೆ ಸೂಜಿ ತೆಗೆದು ಅದುಮಿ ಹಿಡಿಯಿರಿ. ಹೆಪಾರಿನ್ ಹೋದ ಮೇಲೆ ಊದಿದ್ದು, ಊತ ಬೆಳೆಯುತ್ತಿಲ್ಲವಾದರೆ ಆ ಸೂಜಿಯನ್ನು ಕ್ಲಾಂಪ್ ಮಾಡಿ ಅಲ್ಲೇ ಬಿಟ್ಟು ಬೇರೆ ಜಾಗ ಹುಡುಕುವುದುಂಟು; ಏಕೆಂದರೆ ತೆಗೆದರೆ ರಂಧ್ರ ಮುಚ್ಚಲು ಹೊತ್ತು ಹಿಡಿಯುತ್ತದೆ. ಆದರೆ ಅಂಥ ಹೊತ್ತಿನಲ್ಲಿ ಹೊಸ ಸೂಜಿ ಹಾಕಬೇಕೇ, ರಕ್ತ ಹಿಂದಿರುಗಿಸಿ ಮುಗಿಸಬೇಕೇ ಎಂಬುದನ್ನು ಫೋನಿನಲ್ಲಿ ನರ್ಸ್ ಜೊತೆ ತೀರ್ಮಾನಿಸುವುದೇ ಕ್ಷೇಮ. ಊತ ಬೆಳೆಯುತ್ತಲೇ ಇದ್ದರೆ ತೆಗೆಯಲೇಬೇಕು. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಸುಮಾರು 20 ನಿಮಿಷ ಇಟ್ಟು, ಬಿಡುವು ಕೊಟ್ಟು ಮತ್ತೆ ಇಡಿ. ಮಧ್ಯೆ ಮಧ್ಯೆ ಥ್ರಿಲ್ ಇದೆಯೇ ಎಂದು ಮುಟ್ಟಿ ನೋಡಿ. 24 ಗಂಟೆ ಕಳೆದ ಮೇಲೆ ಬೆಚ್ಚಗಿನ ಶಾಖ. ಊದಿದ ಭಾಗ ಇಳಿಯುವವರೆಗೆ ಅಲ್ಲಿಗೆ ಸೂಜಿ ಬೇಡ. ಅನಿವಾರ್ಯವಾದರೆ ಅದಕ್ಕಿಂತ ಮೇಲೆ, ರಕ್ತ ಹರಿದು ಹೋಗುವ ದಿಕ್ಕಿನಲ್ಲಿ. ಬೆರಳುಗಳು ಮರಗಟ್ಟಿದರೆ, ತಣ್ಣಗಾದರೆ ಆಸ್ಪತ್ರೆಗೆ ಹೊರಡಿ.

ಕಾಜದ ದಾರಿ ತಪ್ಪಿದಾಗ

ಪ್ರತಿ ಸಲ ಹೊಸ ಜಾಗದಲ್ಲಿ, ಏಣಿ ಮೆಟ್ಟಿಲಿನ ಕ್ರಮದಲ್ಲಿ ನಾಳದುದ್ದಕ್ಕೂ ಸರಿಯುತ್ತಾ ಚುಚ್ಚುವುದು ಒಂದು ಪದ್ಧತಿ. ಅದೇ ರಂಧ್ರ, ಅದೇ ಕೋನ, ಅದೇ ಆಳದಲ್ಲಿ ಚುಚ್ಚಿ ಸುರಂಗ ಮಾಡಿಕೊಂಡು, ಆಮೇಲೆ ಮೊಂಡು ಸೂಜಿ ಬಳಸುವ ಗುಂಡಿಕಾಜದ ಪದ್ಧತಿ, ಅಂದರೆ ಬಟನ್‌ಹೋಲ್, ಇನ್ನೊಂದು. 1970ರ ದಶಕದಲ್ಲಿ ಪೋಲೆಂಡಿನಲ್ಲಿ ವೈದ್ಯ ಟ್ವಾರ್ಡೋವ್ಸ್ಕಿ ಇದನ್ನು ರೂಢಿಗೆ ತಂದರು. ಮನೆಯಲ್ಲಿ ಸ್ವತಃ ಹಾಕಿಕೊಳ್ಳುವವರಿಗೆ ಇದು ಪ್ರಿಯ; ನೋವು ಕಡಿಮೆ, ಗುರಿ ಸ್ಪಷ್ಟ. ಆದರೆ ಸೋಂಕಿನ ಅಪಾಯ ಹೆಚ್ಚೆಂದು ಕಂಡುಬಂದ ಮೇಲೆ, 2019ರ ಅಮೆರಿಕದ ಮಾರ್ಗಸೂಚಿ ಏಣಿ ಕ್ರಮಕ್ಕೇ ಮೊದಲ ಮಣೆ ಹಾಕಿ ಬಟನ್‌ಹೋಲ್ ಅನ್ನು ವಿಶೇಷ ಸಂದರ್ಭಗಳಿಗೆ ಮೀಸಲಿಟ್ಟಿದೆ. ನಾಳ ಉದ್ದವಾಗಿದ್ದರೆ ನಾನೂ ಏಣಿಯ ಪಕ್ಷ. ಇವೆರಡೂ ಅಲ್ಲದ ಮೂರನೆಯದು, ನೋವಿಲ್ಲದ ಒಂದೇ ಅಂಗೈಯಗಲ ಜಾಗದಲ್ಲಿ ಸುತ್ತಮುತ್ತ ಚುಚ್ಚುವುದು, ಪದ್ಧತಿಯೇ ಅಲ್ಲ, ಸೋಮಾರಿತನ. ಅಲ್ಲಿ ಗೋಡೆ ತೆಳುವಾಗಿ ನಾಳ ಗುಳ್ಳೆಯಂತೆ ಉಬ್ಬುತ್ತದೆ.

ಬಟನ್‌ಹೋಲ್‌ನಲ್ಲಿ ಹೆಚ್ಚಾಗಿ ಬರುವ ದೂರು: ಮೊಂಡು ಸೂಜಿ ಸುರಂಗದಲ್ಲಿ ಸಾಗಿ ನಾಳದ ಬಾಗಿಲಲ್ಲಿ ಪುಟಿದು ನಿಲ್ಲುತ್ತದೆ. ಕಾರಣ ಬಹುತೇಕ ತೋಳಿನ ಭಂಗಿ. ಚರ್ಮದ ರಂಧ್ರವೂ ನಾಳದ ರಂಧ್ರವೂ ಒಂದೇ ಗೆರೆಯಲ್ಲಿ ಬರಬೇಕಾದರೆ ಸುರಂಗ ಮಾಡಿದಾಗ ತೋಳು ಹೇಗಿತ್ತೋ ಇಂದೂ ಹಾಗೆಯೇ ಇರಬೇಕು. ಅದೇ ಕುರ್ಚಿ, ಅದೇ ದಿಂಬು, ಟೂರ್ನಿಕೆ ಅದೇ ಎತ್ತರದಲ್ಲಿ. ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಹಾಗೂ ಹೋಗದಿದ್ದರೆ ಬೆರಳುಗಳ ನಡುವೆ ಸೂಜಿಯನ್ನು ಹಗುರವಾಗಿ ಹೊರಳಿಸುತ್ತಾ, ಕೋನವನ್ನು ತುಸು ಬದಲಿಸಿ ನೋಡಿ. (ಹೊರಳಿಸುವ ಈ ಮಾತು ಮೊಂಡು ಸೂಜಿಗೆ ಮಾತ್ರ.) ಬಲ ಹಾಕಬೇಡಿ. ಅದೇ ಸುರಂಗಕ್ಕೆ ಚೂಪು ಸೂಜಿ ತೂರಿಸಿದರೆ ಅದು ಪಕ್ಕದಲ್ಲಿ ಇನ್ನೊಂದು ಸುಳ್ಳು ಸುರಂಗ ಕೊರೆಯುತ್ತದೆ. ನಾಳೆಯಿಂದ ಮೊಂಡು ಸೂಜಿಗೆ ಕವಲು ದಾರಿ. ಅಂದಿಗೆ ಬೇರೆ ಜಾಗದಲ್ಲಿ ಚೂಪು ಸೂಜಿ ಹಾಕಿ.

ಇನ್ನೊಂದು ಕಾರಣ, ಉಳಿದ ಹಕ್ಕಳೆ. ಚರ್ಮ ಶುಚಿಗೊಳಿಸಿ, ಹಕ್ಕಳೆಯನ್ನು ಒದ್ದೆ ಗಾಜ್‌ನಿಂದ ನೆನೆಸಿ ಪೂರ್ತಿ ತೆಗೆದು, ಮತ್ತೊಮ್ಮೆ ಶುಚಿಗೊಳಿಸಬೇಕು. ಎರಡನೆಯ ಶುಚಿ ತಪ್ಪಿದರೆ ಹಕ್ಕಳೆಯಡಿಯ ಸ್ಟ್ಯಾಫ್ ಬ್ಯಾಕ್ಟೀರಿಯಾವನ್ನು ಸೂಜಿಯೇ ನೇರ ರಕ್ತಕ್ಕೆ ಒಯ್ದಂತೆ. ಉಗುರಿನಿಂದಲೂ, ಹಾಕಲಿರುವ ಸೂಜಿಯಿಂದಲೂ ಕೆರೆಯಬಾರದು.

ಅಲಾರಂ ಕೂಗದ ಎರಡು ದೋಷಗಳು

ಒತ್ತಡ ಎರಡೂ ಚೆನ್ನಾಗಿದೆ, ನೋವಿಲ್ಲ, ಆದರೆ ತಿಂಗಳ ರಕ್ತಪರೀಕ್ಷೆಯಲ್ಲಿ ಡಯಾಲಿಸಿಸ್ ಸಾಲದೆಂದು ಬರುತ್ತಿದೆ. ಶುದ್ಧವಾದ ರಕ್ತವನ್ನೇ ಯಂತ್ರ ಮತ್ತೆ ಎಳೆಯುತ್ತಿರಬಹುದು. ಸೂಜಿಗಳ ತುದಿಗಳ ನಡುವೆ ಕನಿಷ್ಠ 5 ಸೆಂ.ಮೀ. ಅಂತರವಿರಲಿ, ಆರ್ಟೀರಿಯಲ್ ಸೂಜಿ ಜೋಡಣೆಯಿಂದ ಸುಮಾರು 3 ಸೆಂ.ಮೀ. ದೂರವಿರಲಿ, ವೀನಸ್ ಸೂಜಿ ಯಾವಾಗಲೂ ಹರಿವಿನ ದಿಕ್ಕಿಗೇ ಮುಖ ಮಾಡಿರಲಿ. ಕೆಂಪು ನೀಲಿ ಅದಲುಬದಲಾಗಿದೆಯೇ ಎಂದು ತಿಳಿಯಲು, ಪಂಪ್ ನಡೆಯುತ್ತಿರುವಾಗ ಎರಡು ಸೂಜಿಗಳ ನಡುವೆ ನಾಳವನ್ನು ಕ್ಷಣಕಾಲ ಮೆಲ್ಲಗೆ ಅದುಮಿ. ಸರಿಯಾಗಿದ್ದರೆ ಒತ್ತಡಗಳು ಅಷ್ಟಾಗಿ ಬದಲಾಗವು. ಅದಲುಬದಲಾಗಿದ್ದರೆ ಆರ್ಟೀರಿಯಲ್ ಎಳೆತ ಹೆಚ್ಚಿ, ವೀನಸ್ ಒತ್ತಡ ಏರುತ್ತದೆ. ಮೊದಲ ಸಲ ಇದನ್ನು ನರ್ಸ್ ಎದುರಿಗೇ ಮಾಡಿ ಕಲಿಯಿರಿ.

ಎರಡನೆಯದು ಜೀವಕ್ಕೆ ಸಂಬಂಧಿಸಿದ್ದು. ಆರ್ಟೀರಿಯಲ್ ಸೂಜಿ ಕಳಚಿದರೆ ಗಾಳಿ ಎಳೆದು ಯಂತ್ರ ಕೂಗಿ ನಿಲ್ಲುತ್ತದೆ. ವೀನಸ್ ಸೂಜಿ ಕಳಚಿದರೆ ಒತ್ತಡ ಅಲಾರಂ ಮಿತಿಗಿಂತ ಕೆಳಗಿಳಿಯದೆ ಹೋಗಬಹುದು. ಪಂಪ್ ರಕ್ತವನ್ನು ನೆಲಕ್ಕೆ ಸುರಿಯುತ್ತಲೇ ಇರುತ್ತದೆ. ವಯಸ್ಕರ ದೇಹದಲ್ಲಿರುವುದು ಸುಮಾರು 5 ಲೀಟರ್. ಟೇಪನ್ನು ಸೂಜಿಯಡಿಯಿಂದ ತಂದು ರೆಕ್ಕೆಯ ಮೇಲೆ ಅಡ್ಡ ಹಾಯಿಸಿ ಅಂಟಿಸಿ, ಕೊಳವೆಗೆ ಒಂದು ಸುತ್ತು ಸಡಿಲ ಬಿಡಿ, ಕೊಳವೆಯನ್ನು ಹಾಸಿಗೆಗೋ ಕುರ್ಚಿಗೋ ಕಟ್ಟಬೇಡಿ, ತೋಳನ್ನು ಹೊದಿಕೆಯಡಿ ಮುಚ್ಚಬೇಡಿ. ರಾತ್ರಿ ನಿದ್ದೆಯಲ್ಲಿ ಡಯಾಲಿಸಿಸ್ ಮಾಡುವವರು ತೇವ ಗುರುತಿಸುವ ಅಲಾರಂ ಇಲ್ಲದೆ ಮಲಗಬಾರದು. ನನ್ನ ಮಟ್ಟಿಗೆ ಇದು ಚರ್ಚೆಯ ವಿಷಯವಲ್ಲ.

ತೆಗೆದ ಮೇಲೆ ನಿಲ್ಲದ ರಕ್ತ

ಹಾಕಿದ ಕೋನದಲ್ಲೇ ಸೂಜಿ ಹೊರಬರಲಿ. ಅದು ಪೂರ್ತಿ ಹೊರಬಂದ ಮೇಲಷ್ಟೇ ಅದುಮಬೇಕು. ಒಳಗಿರುವಾಗಲೇ ಅದುಮಿದರೆ ಅಲಗು ನಾಳವನ್ನು ಸೀಳುತ್ತದೆ. ಚರ್ಮದ ರಂಧ್ರವೊಂದು, ಅದಕ್ಕಿಂತ ತುಸು ಮುಂದೆ ನಾಳದ ರಂಧ್ರವೊಂದು ಇರುವುದರಿಂದ ಎರಡು ಬೆರಳು ಬೇಕು. ಹತ್ತು ನಿಮಿಷ ಇಣುಕದೆ ಹಿಡಿಯಿರಿ. ಅದುಮುವಾಗಲೂ ಥ್ರಿಲ್ ಸಿಗುತ್ತಿರಬೇಕು. ತೋಳಿನ ಸುತ್ತ ಬಿಗಿಯಾಗಿ ಬ್ಯಾಂಡೇಜ್ ಸುತ್ತಬಾರದು.

20 ನಿಮಿಷ ಕಳೆದರೂ ರಕ್ತ ನಿಲ್ಲದಿರುವುದು ಒಂದು ಸಲವಾದರೆ ಹೆಪಾರಿನ್ ಪ್ರಮಾಣ ನೋಡಿ. ಪದೇ ಪದೇ ಆಗುತ್ತಿದ್ದು, ಜೊತೆಗೆ ವೀನಸ್ ಒತ್ತಡವೂ ವಾರದಿಂದ ವಾರಕ್ಕೆ ಏರುತ್ತಿದ್ದು, ಕೈಯೆತ್ತಿದಾಗ ನಾಳ ಕುಗ್ಗದಿದ್ದರೆ ಮೂರೂ ಸೇರಿ ಹೊರದಾರಿಯ ಕಿರಿದಾಗುವಿಕೆಯನ್ನೇ ತೋರಿಸುತ್ತಿವೆ. ಇದು ಸೂಜಿಯಿಂದ ಸರಿಯಾಗುವ ದೋಷವಲ್ಲ. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಬೇಕು, ಬಲೂನಿನಿಂದ ಹಿಗ್ಗಿಸಬೇಕಾಗಬಹುದು. ಫೋನಿನಲ್ಲಿ ‘ಯಾಕೋ ಸರಿಯಿಲ್ಲ’ ಎಂದರೆ ಮುಂದಿನ ತಿಂಗಳ ದಿನಾಂಕ ಸಿಗುತ್ತದೆ. ಪಂಪ್ ವೇಗ, ಸೂಜಿ ಗೇಜ್, ಕಳೆದ ಕೆಲವು ವಾರಗಳ ವೀನಸ್ ಒತ್ತಡ, ರಕ್ತ ನಿಲ್ಲಲು ಹಿಡಿದ ನಿಮಿಷಗಳನ್ನು ಓದಿ ಹೇಳಿದರೆ ಈ ವಾರವೇ ಕರೆಯುತ್ತಾರೆ.

ಉಬ್ಬಿದ ನಾಳದ ಮೇಲಿನ ಚರ್ಮ ತೆಳುವಾಗಿ ಹೊಳೆಯುತ್ತಿದ್ದರೆ, ಮಾಯದ ಹುಣ್ಣು ಅಥವಾ ದಿನದಿಂದ ದಿನಕ್ಕೆ ದೊಡ್ಡದಾಗುವ ಹಕ್ಕಳೆ ಕಂಡರೆ ಅಲ್ಲಿಗೆ ಸೂಜಿ ಹಾಕದೆ ಅಂದೇ ತೋರಿಸಿ. ಅಂಥ ಜಾಗ ಸೂಜಿಯಿಲ್ಲದ ದಿನವೂ ಒಡೆಯಬಹುದು. ಒಡೆದರೆ ಟವೆಲ್ ಸುತ್ತಬೇಡಿ. ಅದು ರಕ್ತವನ್ನು ಹೀರುತ್ತದೆಯೇ ಹೊರತು ತಡೆಯುವುದಿಲ್ಲ. ರಕ್ತ ಚಿಮ್ಮುವ ಬಿಂದುವಿನ ಮೇಲೆ ನೇರವಾಗಿ ಬೆರಳಿಟ್ಟು ಗಟ್ಟಿಯಾಗಿ ಒತ್ತಿ, ಮಲಗಿ ತೋಳನ್ನು ಎತ್ತಿ ಹಿಡಿದು, ಆಂಬುಲೆನ್ಸ್‌ಗೆ ಕರೆ ಮಾಡಿಸಿ: ಇಲ್ಲಿ 000, ಕರ್ನಾಟಕದಲ್ಲಿ 108. ಫಿಸ್ಟುಲಾದಿಂದ ರಕ್ತ ಹೋಗುತ್ತಿದೆ ಎಂದು ಮೊದಲ ವಾಕ್ಯದಲ್ಲೇ ಹೇಳಿ.